ಪಾಪಕ್ಕೆ ಶ್ರದ್ಧಾಂಜಲಿ ಬರೆಯುವ ಮುನ್ನ

ಪ್ರಿಯರೇ,

'ಪಾಪ ಸತ್ತಿತು' ಎಂಬ ನಿಮ್ಮ ಪ್ರಬಂಧ ಓದಿದೆ. ಬರವಣಿಗೆ ಸಲೀಸಾಗಿದೆ, ಕಾಗುಣಿತದ ತಪ್ಪಿಲ್ಲ, ಕನ್ನಡದಲ್ಲಿ ಜಾಸ್ತಿ ಜನ ಮುಟ್ಟದ ವಿಷಯ. ಆದರೂ ಹೀಗೇ ಅಚ್ಚು ಹಾಕಲಾರೆ. ಓದುತ್ತಾ ಎರಡು ಕಡೆ ರೇಗಿತು. ಅಷ್ಟನ್ನು ಮಾತ್ರ ಹೇಳುತ್ತೇನೆ.

ಎರಡನೇ ಪುಟದಲ್ಲಿ ಬರೆದಿದ್ದೀರಿ: 'ದೇವರು ಸತ್ತನೆಂದು ನೀತ್ಷೆ ಸಾರಿದ. ಅಲ್ಲಿಗೆ ಕ್ರೈಸ್ತರ ಪಾಪವೂ ಸತ್ತಿತು.' ಜರ್ಮನ್ ತತ್ತ್ವಜ್ಞಾನಿ ನೀತ್ಷೆ ಇದನ್ನು ಬರೆದ ಪುಸ್ತಕ 'ದಿ ಗೇ ಸೈನ್ಸ್' ಬಂದದ್ದು 1882ರಲ್ಲಿ. ಅದರಲ್ಲಿ ಈ ಮಾತಾಡುವವನು ಒಬ್ಬ ಹುಚ್ಚ. ಹಾಡಹಗಲೇ ಲಾಟೀನು ಹಿಡಿದು ಸಂತೆಗೆ ಬರುತ್ತಾನೆ. ಅಲ್ಲಿ ನಿಂತವರಲ್ಲಿ ಅನೇಕರು ಆಗಲೇ ದೇವರನ್ನು ನಂಬದವರು, ಅವನನ್ನು ನೋಡಿ ನಗುತ್ತಾರೆ. ಅವನೋ, ಕೊಂದವರು ನಾವೇ, ಈ ರಕ್ತ ಒರೆಸುವವರು ಯಾರು, ಯಾವ ನೀರಲ್ಲಿ ತೊಳೆಯೋಣ ಅಂತ ಕೇಳುತ್ತಾನೆ. ದೇವರು ಹೋದ, ರಕ್ತ ಹೋಗಲಿಲ್ಲ! ನಿಮಗೆ ಬೇಕಿದ್ದ ಪ್ರಬಂಧ ಅಲ್ಲೇ ಇತ್ತಲ್ವಾ? 'ಅಲ್ಲಿಗೆ' ಅಂತ ಬರೆದು ಮುಚ್ಚಿಬಿಟ್ಟಿರಿ.

ಅದರ ಕೆಳಗೇ: 'ಸಂತ ಅಗಸ್ಟೀನ್ ಹಣ್ಣು ಕದ್ದದ್ದಕ್ಕೂ ಮರುಗಿದ.' ಮುಂದಿನ ಸಾಲಿಗೆ ಲ್ಯೋತಾರ್, ಆಧುನಿಕೋತ್ತರ ಸ್ಥಿತಿಯ ಬಗ್ಗೆ ಬರೆದ ಫ್ರೆಂಚ್ ಚಿಂತಕ, 1979. ಯಾಕಿಷ್ಟು ಅವಸರ? ಆ ಹಣ್ಣು ಮರಸೇಬು, ಕಾಲ ನಾಲ್ಕನೇ ಶತಮಾನ. ಈಗಿನ ಅಲ್ಜೀರಿಯಾದಲ್ಲಿರುವ ಥಗಾಸ್ತೆ ಊರು. ಹುಡುಗನಿಗೆ 16 ವರ್ಷ. ರಾತ್ರಿ ಗೆಳೆಯರ ಜೊತೆ ಹೋಗಿ ಮರ ಅಲುಗಿಸಿ ಹೊರೆಗಟ್ಟಲೆ ಹೊತ್ತು ತಂದರು. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವನ ಬಳಿಯೇ ಇತ್ತು. ತಂದದ್ದನ್ನು ಹಂದಿಗಳಿಗೆ ಎಸೆದರು. ಬಿಷಪ್ ಆದಮೇಲೆ, ನಲವತ್ತು ದಾಟಿದ ಮನುಷ್ಯ, ಇದೊಂದನ್ನೇ ಹಿಡಿದು ಪುಟಗಟ್ಟಲೆ ಬರೆದ. ಯಾಕೆ ಮಾಡಿದೆ? ಕೂಡದು ಅಂತಲೇ ಮಾಡಿದೆ. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ನಿಮ್ಮ ಪ್ರಬಂಧದಲ್ಲಿ ಪಾಪ ಅಂದರೆ ಪಾದ್ರಿ ಕೊಟ್ಟ ನಿಷೇಧಗಳ ಪಟ್ಟಿ. ಪಟ್ಟಿಯೇನೋ ಹರಿದುಹೋದೀತು. ಗುಂಪು ಸೇರಿದಾಗ ಸುಮ್ನೆ ಕೆಡಿಸುವ ಖುಷಿ ಬರುತ್ತದಲ್ಲ, ಅದು ಯಾವ ಸೆಕ್ಯುಲರ್ ಸಮಾಜದಲ್ಲಿ ಹೋಗಿದೆ? ಫೋನಿನಲ್ಲಿ ನೂರು ಜನ ಸೇರಿ ಒಬ್ಬನನ್ನು ಹರಿದು ತಿನ್ನುವಾಗ ಬಿಷಪ್ಪನ ಪುಟಗಳೇ ನನಗೆ ನೆನಪಾಗುತ್ತವೆ. ಒಂದೇ ವ್ಯತ್ಯಾಸ: ಮನುಷ್ಯರೆಲ್ಲ ಪಾಪದಲ್ಲೇ ಹುಟ್ಟಿದವರು ಅನ್ನುವಾಗ ಅವನು ತನ್ನನ್ನು ಹೊರಗಿಟ್ಟುಕೊಳ್ಳಲಿಲ್ಲ. ನಮ್ಮಲ್ಲಿ ಬೆರಳು ತೋರಿಸುವವರೆಲ್ಲ ಹೊರಗೇ ನಿಂತಿರುತ್ತಾರೆ. ಕ್ಷಮೆಯ ಬಾಗಿಲೂ ಇಲ್ಲ.

ಎರಡನೆಯದು, ಪುಟಪುಟಕ್ಕೂ ಬರುವ ನಿಮ್ಮ 'ಇಂದಿನ ಮಾನವ'. 'ಇಂದಿನ ಮಾನವನಿಗೆ ಪಾಪಪ್ರಜ್ಞೆ ಇಲ್ಲ.' 'ಇಂದಿನ ಮಾನವ ಸತ್ಯವನ್ನೇ ಒಪ್ಪುವುದಿಲ್ಲ.' ನಾನು ಪ್ರೂಫ್ ತಿದ್ದುವ ಹುಡುಗನಾಗಿದ್ದಾಗ ನಮ್ಮ ವಾರಪತ್ರಿಕೆಯಲ್ಲೊಬ್ಬ ಹಿರಿಯ ಉಪಸಂಪಾದಕರಿದ್ದರು. ಯಾರ ಲೇಖನದಲ್ಲಿ ಈ ಪದ ಕಂಡರೂ ಗಟ್ಟಿಯಾಗಿ ಓದಿ, 'ಇವನು ಯಾವ ಬೀದೀಲಿದ್ದಾನಯ್ಯಾ? ಒಂದು ಕಾರ್ಡ್ ಬರೆದು ವಿಚಾರಿಸು' ಅನ್ನುತ್ತಿದ್ದರು. ದೊಡ್ಡ ಹೆಸರಿನವರಿಗೂ ಬಿಡುತ್ತಿರಲಿಲ್ಲ. ಗುಡಿಗೂ ಹೋಗದ, ಚರ್ಚಿಗೂ ಹೋಗದ ಪಕ್ಕಾ ನಾಸ್ತಿಕ. ಮರಸೇಬಿನ ಪುಟಗಳನ್ನು ನನಗೆ ಓದಿಸಿದ್ದು ಅವರೇ. ಓದಿಸಿ, ಏನೂ ವಿವರಿಸದೆ ಬೀಡಿ ಸೇದಲು ಎದ್ದುಹೋಗಿದ್ದರು.

ಲ್ಯೋತಾರ್ ಇರಲಿ, ಬಿಡಲಿ, ನಿಮ್ಮಿಷ್ಟ. 'ಇಂದಿನ ಮಾನವ' ಬಂದಲ್ಲೆಲ್ಲ ನಿಮಗೆ ಗೊತ್ತಿರುವ ಒಬ್ಬರನ್ನು ಕೂರಿಸಿ, ಸಾಲು ನಿಲ್ಲುತ್ತದಾ ನೋಡಿ. ಯುಗಾದಿ ಸಂಚಿಕೆಗೆ ಇನ್ನೂ ಸಮಯವಿದೆ. ಟೈಪ್ ಮಾಡಿಯೇ ಕಳಿಸಿ. ಈ ಸಲದ ಫೋಟೊಗಳಲ್ಲಿ ನಾಲ್ಕನೇ ಪುಟದ ಬಲ ಅಂಚೇ ಇರಲಿಲ್ಲ.