58ರಲ್ಲಿ ಐದು ಸೆಟ್ ಸ್ಕ್ವಾಟ್ ದೇಹ ತಡೆಯುತ್ತಿಲ್ಲ, ಜಿಮ್ ಬಿಟ್ಟುಬಿಡಲೇ?

ನೀವು ಬರೆದದ್ದು ಇಷ್ಟು: ಮುಳ್ಳೇರಿಯ ಕಡೆ ಅಡಿಕೆ ತೋಟ, ವಾರಕ್ಕೆ ಮೂರು ದಿನ ಜಿಮ್. ಮಗ ಹುಡುಕಿಕೊಟ್ಟ ಪ್ರೋಗ್ರಾಂನಲ್ಲಿ ಹೋದಾಗಲೆಲ್ಲ ಸ್ಕ್ವಾಟ್ (ಹೆಗಲ ಮೇಲೆ ಭಾರದ ಬಾರ್ ಹೊತ್ತು ಕೂತೇಳುವುದು), ಸೆಟ್ಟಿಗೆ ಐದು ಸಲದಂತೆ ಐದು ಸೆಟ್, ಪ್ರತಿ ಸಲ ಎರಡೂವರೆ ಕೆಜಿ ಹೆಚ್ಚು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಈಗ ಮೊಣಗಂಟು, ಬಲಭುಜ ನೋವು, ನಿದ್ದೆ ಕೆಟ್ಟಿದೆ, ಭಾರ ಏರುತ್ತಿಲ್ಲ.

ಬಿಡಬೇಡಿ ಅಣ್ಣ. ನಾನು ಬದಿಯಡ್ಕದವನು, ನಾನೂ ಐವತ್ತು ದಾಟಿದವನು, ತೋಟ ನನಗೂ ಇದೆ. ನಿಮ್ಮ ವಯಸ್ಸು ಮೀರಿಲ್ಲ. ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿ ನೋಡಿದ್ದಾರೆ. ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. 1990ರ ಅಧ್ಯಯನ ಅದು. ನಿಮ್ಮಲ್ಲಿ ಕಮ್ಮಿಯಾಗಿರುವುದು ಚೇತರಿಕೆ ಒಂದೇ.

ಆ ಪ್ರೋಗ್ರಾಂ ಹೊಂದುವುದು ಉಳಿದ ಹೊತ್ತು ಕುರ್ಚಿಯಲ್ಲಿ ಕೂರುವ ಇಪ್ಪತ್ತೈದರ ಹುಡುಗನಿಗೆ. ಅದರಲ್ಲಿ ನಿಮ್ಮ ತೋಟದ ಲೆಕ್ಕವೇ ಇಲ್ಲ. ಅಡಿಕೆ ಗೊನೆಗೆ ಮದ್ದು ಬಿಡುವ ದಿನವನ್ನೇ ನೋಡಿ. ನೆಲದಿಂದಲೇ ಮದ್ದು ಬಿಡಲು ಹಿಡಿಯುವ ಉದ್ದ ಕೋಲು, ಫೈಬರ್ ದೋಟಿ, ಹಗುರ ಅನ್ನುತ್ತಾರೆ. ಕೈಯಲ್ಲಿ ಹಿಡಿದಾಗ ಹಗುರವೇ. ಅದನ್ನು ಪೂರ್ತಿ ಎತ್ತರಕ್ಕೆ ಎಳೆದು, ಪೈಪಿನ ಭಾರವೂ ಸೇರಿ, ಗಾಳಿಗೆ ವಾಲುವ ತುದಿಯನ್ನು ಗೊನೆಯ ನೇರಕ್ಕೆ ಹಿಡಿಯುವಾಗ ಕತ್ತು ಹಿಂದಕ್ಕೆ ಬಿದ್ದಿರುತ್ತದೆ, ಎರಡೂ ಕೈ ಭುಜದಿಂದ ಮೇಲಿರುತ್ತವೆ. ಒಂದು ಮರ ಮುಗಿದರೆ ಇನ್ನೊಂದು. ಮರುದಿನ ಜಿಮ್‌ನಲ್ಲಿ ಅದೇ ಭುಜದಿಂದ ಬಾರ್ ತಲೆಯ ಮೇಲೆ ಎತ್ತುತ್ತೀರಿ. ಗೊಬ್ಬರದ ಬುಟ್ಟಿ ಹೊತ್ತ ಮರುದಿನ ಸ್ಕ್ವಾಟ್ ಮಾಡಿದರೂ ಹೀಗೆಯೇ. ಆದ್ದರಿಂದ ತೋಟದ ಭಾರದ ಕೆಲಸವನ್ನೂ ವ್ಯಾಯಾಮದ ಲೆಕ್ಕಕ್ಕೆ ಹಾಕಿ. ದೋಟಿ ಹಿಡಿದ ವಾರ ತಲೆಯ ಮೇಲೆ ಒತ್ತುವ ವ್ಯಾಯಾಮ ಬೇಡವೇ ಬೇಡ.

ವೇಳಾಪಟ್ಟಿಯನ್ನು ಹಿಗ್ಗಿಸಿ. ಒಂದು ದಿನ ವ್ಯಾಯಾಮ, ಎರಡು ದಿನ ಬಿಡುವು. ತೋಟದಲ್ಲಿ ಭಾರೀ ಕೆಲಸ ಬಿದ್ದರೆ ಇನ್ನೊಂದು ದಿನ ಮುಂದಕ್ಕೆ. ಮೊದಲ ಸಲ ಸ್ಕ್ವಾಟ್, ಡಂಬೆಲ್ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಡಂಬೆಲ್ ಮೇಲಕ್ಕೆ ಒತ್ತುವುದು), ಕೇಬಲ್ ರೋ (ಕೂತು ಕೇಬಲನ್ನು ಹೊಟ್ಟೆಯ ಕಡೆಗೆ ಎಳೆಯುವುದು). ಮುಂದಿನ ಸಲ ರೊಮೇನಿಯನ್ ಡೆಡ್‌ಲಿಫ್ಟ್ (ಬೆನ್ನು ನೇರವಿಟ್ಟು ಸೊಂಟದಿಂದ ಬಾಗಿ ಬಾರ್ ಇಳಿಸಿ ಏಳುವುದು), ಲ್ಯಾಟ್ ಪುಲ್‌ಡೌನ್ (ಮೇಲಿನ ಕೇಬಲ್ ಬಾರನ್ನು ಎದೆಯತ್ತ ಎಳೆಯುವುದು), ಹಿಮ್ಮಡಿ ಎತ್ತುವುದು. ವಾರ್ಮ್‌ಅಪ್ ಬಿಟ್ಟು ಒಂದೊಂದಕ್ಕೂ ಎರಡು ಅಥವಾ ಮೂರು ಸೆಟ್ ಧಾರಾಳ ಸಾಕು. ಸ್ಕ್ವಾಟ್‌ಗೆ ಹಿಂದೆ ಬೆಂಚ್ ಇಟ್ಟುಕೊಳ್ಳಿ, ಮೂರು ಎಣಿಸುತ್ತಾ ಇಳಿಯಿರಿ, ಬೆಂಚ್ ತಾಗಿದ ಕೂಡಲೇ ಏಳಿ.

ಭಾರವನ್ನು ಪ್ರತಿ ಸಲ ಏರಿಸುವುದು ಬೇಡ. ಎಂಟು ಸಲ ಎತ್ತಲಾಗುವ ಭಾರ ಹಿಡಿದು, ಅದೇ ಭಾರದಲ್ಲಿ ಹನ್ನೆರಡಕ್ಕೆ ಮುಟ್ಟಿಸಿ. ಆಮೇಲೆ ಎರಡೂವರೆ ಕೆಜಿ ಸೇರಿಸಿ ಮತ್ತೆ ಎಂಟರಿಂದ ಶುರು ಮಾಡಿ. ಒಂದು ಏರಿಕೆಗೆ ಒಂದು ತಿಂಗಳು ಹಿಡಿದರೂ ಹಿಡಿಯಲಿ. ಸ್ನಾಯು ಬೇಗ ಬಲವಾಗುತ್ತದೆ. ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ, ಅದಕ್ಕೆ ಸಮಯ ಬೇಕು. ಸೆಟ್ ಮುಗಿಸಿದಾಗ ಇನ್ನೂ ಎರಡು ಎತ್ತಬಹುದಿತ್ತು ಅನ್ನಿಸಬೇಕು. ಉಸಿರು ಬಿಗಿಹಿಡಿಯಬೇಡಿ, ಬಿಪಿ ಒಮ್ಮೆಲೇ ಏರುತ್ತದೆ.

ಹಾಗೆಂದು ತೀರಾ ಇಳಿಸಿಬಿಟ್ಟರೂ ನಷ್ಟ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 16 ವಾರ ಚೆನ್ನಾಗಿ ವ್ಯಾಯಾಮ ಮಾಡಿಸಿ, ಆಮೇಲೆ ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರು. ಎಳೆಯರ ಸ್ನಾಯು ಹಾಗೇ ಉಳಿಯಿತು. ಅರುವತ್ತು ದಾಟಿದವರ ಬಲ ಬಹುಪಾಲು ಉಳಿದರೂ ಸ್ನಾಯುವಿನ ಗಾತ್ರ ಉಳಿಯಲಿಲ್ಲ. ‘ವಯಸ್ಸಾಯಿತು, ಒಂದು ಕೆಜಿಯ ಡಂಬೆಲ್ ಸಾಕು’ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ, ಇದು ನನ್ನ ಕಳಕಳಿಯ ವಿನಂತಿ. ಸೆಟ್ ಕಡಿಮೆ ಮಾಡಿ, ಬಿಡುವು ಹೆಚ್ಚಿಸಿ; ಆದರೆ ಎತ್ತುವ ಭಾರ ಭಾರವೇ ಅನ್ನಿಸಬೇಕು.

ಬೆಳಿಗ್ಗೆ ತೋಟಕ್ಕೆ ಮೆಟ್ಟಿಲಿಳಿಯುವಾಗ ಗಂಟು ಹೇಗಿದೆ ನೋಡಿಕೊಳ್ಳಿ. ತೊಡೆಯ ಮಾಂಸದಲ್ಲಿ ಬಿಗಿತ ಇದ್ದರೆ ಚಿಂತೆಯಿಲ್ಲ. ಗಂಟಿನೊಳಗೆ ಚುಚ್ಚಿದರೆ, ಊದಿದ್ದರೆ ಆ ದಿನ ಸ್ಕ್ವಾಟ್ ಇಲ್ಲ.

ಊಟದ್ದೂ ಹೇಳಬೇಕು. ವಯಸ್ಸಾದ ಸ್ನಾಯು ಕಡಿಮೆ ಪ್ರೋಟೀನ್‌ಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. ದಿನಕ್ಕೆ ಮೂರು ಹೊತ್ತು ಉಣ್ಣುವ 70 ಕೆಜಿಯವರಿಗೆ ಹೊತ್ತಿಗೆ ಕನಿಷ್ಠ 28 ಗ್ರಾಂ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಅದರ ಕಾಲುಭಾಗವೂ ಸಿಗುವುದು ಕಷ್ಟ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಹತ್ತೊಂಬತ್ತು ಇಪ್ಪತ್ತು. ಸಸ್ಯಾಹಾರಿಗಳಾದರೆ ಹೆಸರುಕಾಳು, ಹುರುಳಿ, ಮೊಸರು, ಸೋಯಾ. ಹುರುಳಿ ಸಾರಿನ ತಿಳಿ ಕುಡಿದರೆ ಆಗದು, ಕಾಳನ್ನೂ ತಿನ್ನಬೇಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಲ್ಲಿ ಕೇಳದೆ ಪ್ರೋಟೀನ್ ಏರಿಸಬೇಡಿ.

ಈಗಿನ ನೋವಿಗೆ: ಹತ್ತು ದಿನ ಬಾರ್ ಮುಟ್ಟಬೇಡಿ, ನಡೆದಾಡಿ. ಆಮೇಲೆ ಈಗ ಎತ್ತುವ ಭಾರದ ಅರ್ಧದಿಂದ ಶುರು ಮಾಡಿ. ಭುಜ ಆಗಲೂ ರಾತ್ರಿ ನೋಯುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕೊಲೆಸ್ಟರಾಲ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೆಲವರಿಗೆ ಅದರಿಂದಲೂ ಮೈಕೈ ನೋವು ಬರುವುದುಂಟು.