ಒಂದು ವರ್ಷದ ಡಿಪ್ಲೊಮಾ ಇದ್ದರೆ ಊರಲ್ಲಿ ಕ್ಲಿನಿಕ್ ತೆರೆಯಬಹುದಾ?

ನೀವು ಮನೆಯಲ್ಲೇ ಕೂತು ಓದಿ ಪ್ರಕೃತಿ ಚಿಕಿತ್ಸೆ ಮತ್ತು ಅಕ್ಯುಪಂಕ್ಚರ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿದ್ದೀರಿ. ಅಜ್ಜ ನಾಟಿ ವೈದ್ಯರು. ಈಗ ಊರಲ್ಲಿ ಕ್ಲಿನಿಕ್ ತೆರೆಯಬಹುದಾ, ಲೈಸೆನ್ಸ್ ಯಾರು ಕೊಡುತ್ತಾರೆ, ಹೆಸರಿನ ಮುಂದೆ 'ಡಾ.' ಹಾಕಬಹುದಾ ಎಂದು ಕೇಳಿದ್ದೀರಿ.

ಕರ್ನಾಟಕದಲ್ಲಿ ಆಗುವುದಿಲ್ಲ. ಕ್ಲಿನಿಕ್ಕೂ ಇಲ್ಲ, 'ಡಾ.' ಕೂಡ ಇಲ್ಲ. ನಾನು ಬಿ.ಎ.ಎಂ.ಎಸ್., ಅಂದರೆ ಆಯುರ್ವೇದದ ಪದವಿ ಓದಿ ತಾಲ್ಲೂಕು ಊರೊಂದರಲ್ಲಿ ಆಯುರ್ವೇದ ಕ್ಲಿನಿಕ್ ನಡೆಸುತ್ತಿದ್ದೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಹಾಗೆ ಫೀಸು ಕಟ್ಟಿ ಆಮೇಲೆ ಕೈ ಹಿಸುಕಿಕೊಳ್ಳುವವರನ್ನು ಜಾಸ್ತಿ ನೋಡುತ್ತಿದ್ದೇನೆ.

ಇಲ್ಲಿ ನೋಂದಣಿ ಎರಡು ಸಲ ಆಗಬೇಕು. ಮೊದಲು ವೈದ್ಯರ ಹೆಸರು, ಆಮೇಲೆ ಕ್ಲಿನಿಕ್ಕು. ಆಯುರ್ವೇದ, ಯುನಾನಿ ಓದಿದವರು, ಐದೂವರೆ ವರ್ಷದ ಬಿ.ಎನ್.ವೈ.ಎಸ್. ಮಾಡಿದ ಪ್ರಕೃತಿ ಚಿಕಿತ್ಸೆಯವರು ಎಲ್ಲರೂ 1961ರ ರಾಜ್ಯ ಕಾಯ್ದೆಯ ಪ್ರಕಾರ ಇರುವ ಮಂಡಳಿಯಲ್ಲಿ ಹೆಸರು ಬರೆಸಬೇಕು. ಹೋಮಿಯೋಪಥಿಗೆ ಬೇರೆ ಮಂಡಳಿ. ಆ ನಂಬರ್ ಸಿಕ್ಕಿದ ಮೇಲೆ ಕ್ಲಿನಿಕ್ಕಿಗೆ ಕೆ.ಪಿ.ಎಂ.ಇ. ನೋಂದಣಿ, ಅಂದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಅದನ್ನು ಕೊಡುತ್ತದೆ. ಅಲ್ಲಿ ಮೊದಲು ಕೇಳುವುದೇ ಮಂಡಳಿಯ ನಂಬರ್. ಅದಿಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಸೂಜಿ ಬಳಸುವವರಾದರೆ ವೈದ್ಯಕೀಯ ತ್ಯಾಜ್ಯ ವಿಲೇವಾರಿಗೂ ಪ್ರತ್ಯೇಕ ವ್ಯವಸ್ಥೆ ತೋರಿಸಬೇಕು.

ಈಗ ನಿಮ್ಮ ಸರ್ಟಿಫಿಕೇಟ್ ತೆಗೆದು ಕೆಳಗಿನ ಸಣ್ಣ ಅಕ್ಷರ ಓದಿ. 'ಭಾರತ ಸರ್ಕಾರದಿಂದ ನೋಂದಾಯಿತ', 'ಸ್ವಾಯತ್ತ ಸಂಸ್ಥೆ', ಐ.ಎಸ್.ಒ. ಮುದ್ರೆ, ಪಕ್ಕದಲ್ಲಿ ಟ್ರಸ್ಟ್ ಅಥವಾ ಸೊಸೈಟಿಯ ನಂಬರ್. ಸಾಮಾನ್ಯವಾಗಿ ಇರುವುದು ಇಷ್ಟೇ. ನೋಂದಣಿ ಆಗಿರುವುದು ಟ್ರಸ್ಟ್. ಕೋರ್ಸಿಗೆ ಯಾರೂ ಮಾನ್ಯತೆ ಕೊಟ್ಟಿರುವುದಿಲ್ಲ. ನಾಲ್ಕು ಜನ ಸೇರಿ ಭಜನಾ ಮಂಡಳಿಯನ್ನೂ ಹಾಗೆ ನೋಂದಾಯಿಸಬಹುದು, ಅಲ್ವಾ? 'ಎಂ.ಡಿ. (ಎ.ಎಂ.)', ಅಂದರೆ ಆಲ್ಟರ್ನೇಟಿವ್ ಮೆಡಿಸಿನ್, ಅಂತ ಗೋಡೆಯ ಮೇಲೆ ನೇತು ಹಾಕಿರುವ ಪದವಿಗಳೂ ಇದೇ ಜಾತಿಯವು. ಡಿಗ್ರಿ ಕೊಡುವ ಅಧಿಕಾರ ಇರುವುದು ಕಾನೂನು ಆ ಅಧಿಕಾರ ಕೊಟ್ಟಿರುವ ವಿಶ್ವವಿದ್ಯಾಲಯ, ಸಂಸ್ಥೆಗಳಿಗೆ ಮಾತ್ರ. ಇನ್ನು ಅಕ್ಯುಪಂಕ್ಚರ್. ಅದಕ್ಕೆಂದೇ ಮಹಾರಾಷ್ಟ್ರದಲ್ಲಿ 2015ರ ಒಂದು ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ ಅಂಥದ್ದಿಲ್ಲ.

ಅಜ್ಜನ ವಿಷಯ ನನಗೂ ಕಷ್ಟದ್ದು. ಕೆಲವು ನಾಟಿ ವೈದ್ಯರಿಗೆ ಗಿಡಮೂಲಿಕೆಯ ಬಗ್ಗೆ ಇರುವ ತಿಳಿವಳಿಕೆ ಕಾಲೇಜಿನಲ್ಲಿ ನನಗೆ ಸಿಕ್ಕಿರಲಿಲ್ಲ. ಭಾರತೀಯ ವೈದ್ಯ ಪದ್ಧತಿಗಳಿಗೆ 1970ರ ಕೇಂದ್ರ ಕಾಯ್ದೆ ಬಂದಾಗ, ಅದಕ್ಕೆ ಮೊದಲೇ ವೈದ್ಯ ಮಾಡುತ್ತಿದ್ದ ಕೆಲವರಿಗೆ ಅವರ ಹಕ್ಕನ್ನು ಉಳಿಸಿಕೊಟ್ಟರು. ಆದರೆ ಆ ಹಕ್ಕು ಅವರ ಜೊತೆಗೇ ಮುಗಿಯುತ್ತದೆ, ಮೊಮ್ಮಕ್ಕಳಿಗೆ ಬರುವುದಿಲ್ಲ. ಕೇರಳದ ಪಾರಂಪರಿಕ ವೈದ್ಯರು ಇದೇ ಪ್ರಶ್ನೆ ಇಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮಾನ್ಯತೆ ಇರುವ ಓದು, ನೋಂದಣಿ ಇಲ್ಲದೆ ವೈದ್ಯ ಮಾಡುವಂತಿಲ್ಲ ಎಂದು 2018ರಲ್ಲಿ ತೀರ್ಪು ಬಂತು. ಭಾರತೀಯ ಗುಣಮಟ್ಟ ಮಂಡಳಿ ಪಾರಂಪರಿಕ ವೈದ್ಯರನ್ನು ಪರೀಕ್ಷಿಸಿ ಒಂದು ಪ್ರಮಾಣಪತ್ರ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಲೈಸೆನ್ಸ್ ಅಲ್ಲ. ನಿಜವಾಗಿ ಗೊತ್ತಿರುವ ವೈದ್ಯರಿಗೆ ಸರ್ಕಾರ ಒಂದು ಸರಿಯಾದ ದಾರಿ ಮಾಡಿಕೊಡಬೇಕಿತ್ತು. ಇನ್ನೂ ಮಾಡಿಲ್ಲ ಎಂಬ ಬೇಸರ ನನಗಿದೆ.

ಹಾಗಿದ್ದರೂ ಈ ಕಾನೂನು ಬೇಕು ಎಂದೇ ನಾನು ಹೇಳುವುದು. ಯಾಕೆ ಅಂತ ಹೇಳುತ್ತೇನೆ ಕೇಳಿ. ನನ್ನ ಹತ್ತಿರ ಒಬ್ಬ ಹೆಂಗಸು ಬಂದಿದ್ದರು. ಉಬ್ಬಸಕ್ಕೆ ಯಾರೋ ಕೊಟ್ಟ ಪುಡಿ, ಪೇಪರ್ ಚೂರಿನಲ್ಲಿ ಕಟ್ಟಿದ ಪೊಟ್ಟಣ. ತಿಂಗಳುಗಟ್ಟಲೆ ತಿಂದಿದ್ದಾರೆ. ಉಬ್ಬಸ ಮಾಯ. ಆದರೆ ಮುಖ ಊದಿ ಗುಂಡಗಾಗಿದೆ, ಕೈ ಚರ್ಮ ತೆಳ್ಳಗಾಗಿ ಮುಟ್ಟಿದಲ್ಲೆಲ್ಲ ನೀಲಿ ಕಲೆ, ಸಕ್ಕರೆ ಏರಿದೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದು ನೋಡಿದ ಕೂಡಲೇ ಅನುಮಾನ ಬಂತು. ಅದನ್ನು ಥಟ್ಟನೆ ನಿಲ್ಲಿಸಿದರೂ ಅಪಾಯ. ಫಿಸಿಶಿಯನ್ ಹತ್ತಿರ ಕಳಿಸಿದೆ. ದೂರು ಕೊಡೋಣ ಎಂದರೆ ಯಾರ ಮೇಲೆ? ಬಿಲ್ ಇಲ್ಲ, ಚೀಟಿ ಇಲ್ಲ, ಕೊಟ್ಟವರ ಪೂರ್ತಿ ಹೆಸರೂ ಗೊತ್ತಿಲ್ಲ. ನಾನು ಇಂಥ ತಪ್ಪು ಮಾಡಿದ್ದರೆ ಗೋಡೆಯ ಮೇಲೆ ನನ್ನ ನಂಬರ್ ಇದೆ, ಮಂಡಳಿಯವರು ನೋಂದಣಿ ಕಿತ್ತುಕೊಳ್ಳಬಹುದು. ಆಕೆಗೆ ಆ ಆಸರೆಯೂ ಇರಲಿಲ್ಲ.

ನೋಂದಣಿ ಇದ್ದವರಿಗೂ ಗೆರೆ ಇದೆ. 1992ರಲ್ಲಿ ಮುಂಬೈಯ ಹೋಮಿಯೋಪಥಿ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟರು. ರೋಗಿ ಉಳಿಯಲಿಲ್ಲ. ತನಗೆ ಗೊತ್ತಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವನು ನಕಲಿ ವೈದ್ಯನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಮೂರು ಲಕ್ಷ ರೂಪಾಯಿ ಪರಿಹಾರ ಕಟ್ಟಿಸಿತು.

'ಸಕ್ಕರೆ ಕಾಯಿಲೆ ಬುಡಸಮೇತ ವಾಸಿ' ಅಂತ ಫ್ಲೆಕ್ಸ್ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ ಹೀಗೆ ಪಟ್ಟಿಯಲ್ಲಿರುವ ರೋಗಗಳನ್ನು ವಾಸಿ ಮಾಡುತ್ತೇವೆ ಎಂಬ ಜಾಹೀರಾತು 1954ರ ಕಾಯ್ದೆಯಲ್ಲಿ ಅಪರಾಧ. ಅಜ್ಜನ ತೈಲವನ್ನು ಬಾಟಲಿಗೆ ತುಂಬಿಸಿ ಅಂಗಡಿಗಳಿಗೆ ಕೊಡುವುದಾದರೆ ಔಷಧಿ ತಯಾರಿಕೆಯ ಲೈಸೆನ್ಸ್ ಬೇಕು.

ಹಾಗಾದರೆ ನೀವೇನು ಮಾಡಬಹುದು? ಯೋಗ ಕಲಿಸಬಹುದು, ಅದಕ್ಕೆ ವೈದ್ಯಕೀಯ ನೋಂದಣಿ ಬೇಡ. ಕಾಯಿಲೆ ಗುಣಪಡಿಸುತ್ತೇನೆ ಎಂದು ಮಾತ್ರ ಹೇಳಬೇಡಿ. ನೋಂದಾಯಿತ ಆಯುರ್ವೇದ ವೈದ್ಯರ ಕೈಕೆಳಗೆ ಪಂಚಕರ್ಮದ ಸಹಾಯಕರಾಗಿ ಕೆಲಸ ಮಾಡಬಹುದು, ಕೈ ಪಳಗಿದವರಿಗೆ ಒಳ್ಳೆಯ ಬೇಡಿಕೆ ಇದೆ. ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿ ಬಯಾಲಜಿ ತೆಗೆದುಕೊಂಡಿದ್ದರೆ ನೀಟ್ ಬರೆದು ಬಿ.ಎ.ಎಂ.ಎಸ್. ಸೇರಿ. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಓದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ಅಜ್ಜನಿಂದ ಕಲಿತದ್ದನ್ನು ಯಾರಿಗೂ ಹೆದರದೆ ಬಳಸಬೇಕೆಂದರೆ ನನಗೆ ಕಾಣುವ ದಾರಿ ಅದೊಂದೇ.

ಪಿ.ಯು.ಸಿ.ಯಲ್ಲಿ ಯಾವ ಸಬ್ಜೆಕ್ಟ್ ಇತ್ತು, ಡಿಪ್ಲೊಮಾ ಮೇಲೆ ಯಾವ ಕಾಯ್ದೆಯ ಹೆಸರಿದೆ ಎಂದು ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿ ಮಳಿಗೆಗೆ ಅಡ್ವಾನ್ಸ್ ಕೊಡಬೇಡಿ.