ಹೊರಗುಳಿದವರ ಪಾಲು ಯಾರ ಹೆಗಲಿಗೆ?

ಪ್ರಶ್ನೆ: ಹವಾಮಾನ ಒಪ್ಪಂದಕ್ಕೆ ಕೆಲವು ದೇಶಗಳು ಸೇರುತ್ತವೆ, ಕೆಲವು ದೂರ ಉಳಿಯುತ್ತವೆ. ಹಾಗಾದರೆ ಸೇರಿದವರಿಗೆ ಸುಮ್ನೆ ನಷ್ಟ ಅಲ್ವಾ?
– ಒಬ್ಬ ಪದವಿ ವಿದ್ಯಾರ್ಥಿನಿ

ಉತ್ತರ: ಹೊರೆ ಜಾಸ್ತಿ ಆಗುವುದು ನಿಜ. ತರಗತಿಯಲ್ಲಿ ನಾನು ಇದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತಿದ್ದೆ. ಒಂದೇ ಥರದ 10 ದೇಶಗಳಿವೆ ಎಂದುಕೊಳ್ಳಿ. ಒಟ್ಟು 10 ಟನ್ ಇಂಗಾಲ ಇಳಿಸಬೇಕು. ಯಾವ ದೇಶದಲ್ಲೇ ಆಗಲಿ ಮೊದಲ ಟನ್ನಿಗೆ 100 ಖರ್ಚು, ಎರಡನೆಯದಕ್ಕೆ 200. ಯಾಕೆಂದರೆ ಸುಲಭದ ಕೆಲಸ ಮೊದಲೇ ಮುಗಿದಿರುತ್ತದೆ. ಎಲ್ಲರೂ ಒಂದೊಂದು ಟನ್ ಇಳಿಸಿದರೆ ಒಟ್ಟು ಖರ್ಚು 1,000. ಐದೇ ದೇಶಗಳು ಸೇರಿದರೆ ತಲಾ ಎರಡು ಟನ್ ಇಳಿಸಬೇಕು, ಆಗ ಅದು 1,500. ಒಂದೊಂದು ದೇಶದ ಹೊರೆ 100ರಿಂದ 300ಕ್ಕೆ ಏರುತ್ತದೆ. ಇಳಿದದ್ದು ಮಾತ್ರ ಅದೇ 10 ಟನ್.

ಆ 10 ಟನ್ ಕೂಡ ಪೂರ್ತಿ ಉಳಿಯುವುದಿಲ್ಲ, ಒಂದಿಷ್ಟು ಸೋರಿಹೋಗುತ್ತದೆ. ಉಕ್ಕು, ಸಿಮೆಂಟಿನ ಕಾರ್ಖಾನೆಗಳು ನಿಯಮವಿಲ್ಲದ ಕಡೆಗೆ ಹೋಗಬಹುದು. ಇನ್ನೊಂದು ದಾರಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸೇರಿದವರು ಕಲ್ಲಿದ್ದಲು, ಎಣ್ಣೆ ಕಡಿಮೆ ಕೊಂಡರೆ ಅವುಗಳ ಬೆಲೆ ಇಳಿಯುತ್ತದೆ. ಅಗ್ಗವಾಯಿತೆಂದು ಹೊರಗಿನವರು ಇನ್ನಷ್ಟು ಸುಡುತ್ತಾರೆ.

ಸಿರಿವಂತ ದೇಶಗಳಿಗೆ ಇಂಗಾಲ ಇಳಿಸುವ ಗುರಿ ಕೊಟ್ಟ 1997ರ ಕ್ಯೋಟೋ ಒಪ್ಪಂದ ಸೊರಗಿದ್ದು ನನಗೆ ಈಗಲೂ ನೋವಿನ ಸಂಗತಿ. ಅಮೆರಿಕ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಕೆನಡಾ 2011ರಲ್ಲಿ ಹೊರಹೋಗುವುದಾಗಿ ಹೇಳಿತು. ಇವರನ್ನು ಒಳಗೆ ಹಿಡಿದಿಡುವಂಥದ್ದು ಆ ಒಪ್ಪಂದದಲ್ಲಿ ಏನೂ ಇರಲಿಲ್ಲ. ಭಾರತ, ಚೀನಾಗಳಿಗೆ ಅದರಲ್ಲಿ ಗುರಿಯೇ ಇರಲಿಲ್ಲ, ಆದರೆ ಅದು ಬೇರೆ ಮಾತು. ತಲೆತಲಾಂತರದಿಂದ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಮೊದಲು ಇಳಿಸಲಿ ಎಂಬುದು ನ್ಯಾಯವೇ. ಅದನ್ನೂ ನುಣುಚಿಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ನೋಡಿ. ಹೊರಗುಳಿದ ದೇಶದೊಂದಿಗೆ ಆ ರಾಸಾಯನಿಕಗಳ ವ್ಯಾಪಾರವನ್ನೇ ಅದು ನಿರ್ಬಂಧಿಸಿತು. ಬಡ ದೇಶಗಳಿಗೆ ಹೆಚ್ಚು ಸಮಯ ಸಿಕ್ಕಿತು, ಆಮೇಲೆ ಒಂದು ನಿಧಿಯಿಂದ ಹಣವೂ ಬಂತು. ಹೊರಗಿರುವುದೇ ದುಬಾರಿಯಾಯಿತು. ಕೊನೆಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಸೇರಿದವು. ಇಂಗಾಲ ಅಷ್ಟು ಸುಲಭವಲ್ಲ, ಒಪ್ಪುತ್ತೇನೆ. ಅಲ್ಲಿ ಬದಲಿಸಬೇಕಾಗಿದ್ದದ್ದು ಕೆಲವೇ ರಾಸಾಯನಿಕಗಳು. ಇಂಗಾಲವೋ ಒಲೆಯಿಂದ ವಿಮಾನದವರೆಗೆ ಎಲ್ಲದರಲ್ಲೂ ಇದೆ.

ಈಗ ಯುರೋಪ್ ಒಕ್ಕೂಟ ಅಂಥದ್ದೇ ಒಂದು ಹೆಜ್ಜೆ ಇಟ್ಟಿದೆ. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಗಳಿಗೆ ಗಡಿಯಲ್ಲಿ ಇಂಗಾಲದ ಶುಲ್ಕ. ಅವನ್ನು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಎಂಬ ಲೆಕ್ಕವನ್ನು 2023ರ ಅಕ್ಟೋಬರಿನಲ್ಲಿ ಕೇಳಲು ಶುರು ಮಾಡಿತು. ಸೋರಿಕೆ ತಡೆಯಲು ಇದು ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಮಾಂಟ್ರಿಯಲ್‌ನ ಅರ್ಧ ಪಾಠವನ್ನಷ್ಟೇ ಯುರೋಪ್ ಕಲಿತಿದೆ. ಆ ಶುಲ್ಕದ ಹಣ ಬಡ ದೇಶಗಳ ಕಾರ್ಖಾನೆಗಳನ್ನು ಸುಧಾರಿಸಲು ವಾಪಸ್ ಹೋಗಬೇಕು. ಹೋಗದಿದ್ದರೆ ಆ ದೇಶಗಳಿಗೆ ಅದು ಬರೀ ಇನ್ನೊಂದು ಸುಂಕ.